ಮೆಮ್‌ಮೇಕರ್ ಸಾಕಾ, ಕೈಯಿಂದಲೇ ಮಾಡಬೇಕಾ?

ಮೈಕ್ರೋಸಾಫ್ಟ್‌ನ ಹಳೇ ಆಪರೇಟಿಂಗ್ ಸಿಸ್ಟಂ ಎಂಎಸ್-ಡಾಸ್ 6 ಹಾಕಿದ ಮೇಲೆ ಹಳೇ 386 ಕಂಪ್ಯೂಟರಿನಲ್ಲಿ ಪ್ರೋಗ್ರಾಂಗಳಿಗೆ ಮೆಮೊರಿಯಲ್ಲಿ ಜಾಗ ಸಾಲ್ತಿಲ್ವಾ? 640 ಕೆಬಿಯಿಂದ 1 ಎಂಬಿವರೆಗಿನ ಅಪ್ಪರ್ ಮೆಮೊರಿಯಲ್ಲಿ ಖಾಲಿ ಇರುವ ಕಡೆ ಡ್ರೈವರ್‌ಗಳನ್ನು (ಮೌಸ್‌ನಂಥ ಸಾಧನಗಳನ್ನು ನಡೆಸುವ ಪುಟ್ಟ ಪ್ರೋಗ್ರಾಂಗಳನ್ನು) ಕೂರಿಸಬೇಕು. ಆಗ ಕೆಳಗಿನ 640 ಕೆಬಿಯಲ್ಲಿ ನಿಮ್ಮ ಪ್ರೋಗ್ರಾಂಗಳಿಗೆ ಹೆಚ್ಚು ಜಾಗ ಉಳಿಯುತ್ತದೆ.

1993ರಲ್ಲಿ ಡಾಸ್ 6ರ ಜೊತೆಗೇ ಬಂದ ಮೆಮ್‌ಮೇಕರ್ ಎಂಬ ಪ್ರೋಗ್ರಾಂ ಎಲ್ಲವನ್ನೂ ತಾನೇ ಅಳೆದು ಜೋಡಿಸುತ್ತದೆ. ಎರಡು ಮೂರು ಸಲ ರೀಬೂಟ್, ಅಷ್ಟೇ. ಸರಿಹೋಗದಿದ್ದರೆ ಅನ್‌ಡೂ ಇದೆ. ಬೂಟ್ ಮೆನು (ಶುರುವಾಗುವಾಗ ಯಾವ ಸೆಟ್ಟಿಂಗ್ ಬೇಕೆಂದು ಕೇಳುವ ಪಟ್ಟಿ) ಇಟ್ಟುಕೊಂಡವರಿಗೆ ಮಾತ್ರ ಇದು ಒಗ್ಗುವುದಿಲ್ಲ.

ಕೈಯಿಂದ ಮಾಡಿದರೆ ಹೊತ್ತು ಜಾಸ್ತಿ, ಹಿಡಿತವೂ ಜಾಸ್ತಿ. ಡಾಸ್ ಶುರುವಾಗುವಾಗ ಓದುವ ಕಾನ್ಫಿಗ್ ಫೈಲಿನಲ್ಲಿ (CONFIG.SYS) ಎರಡು ಮೆಮೊರಿ ಡ್ರೈವರ್‌ಗಳಿರಬೇಕು: ಮೊದಲು ಹೈಮೆಮ್, ಆಮೇಲೆ ಇಎಂಎಂ386. ಈ ಕ್ರಮ ತಪ್ಪಬಾರದು. ಕೆಲವು ಹಳೇ ಪ್ರೋಗ್ರಾಂಗಳು ಬಳಸುವ ಎಕ್ಸ್‌ಪ್ಯಾಂಡೆಡ್ ಮೆಮೊರಿ ಬೇಡ ಅಂದರೆ ಇಎಂಎಂ386ರ ಸಾಲಿಗೆ ನೋಇಎಂಎಸ್ (NOEMS) ಸೇರಿಸಿ. ಆ ಮೆಮೊರಿಗೆ ಕಿಟಕಿಯಂತಿರುವ ಪೇಜ್ ಫ್ರೇಮ್ ಅಪ್ಪರ್ ಮೆಮೊರಿಯಲ್ಲಿ ಹಿಡಿಯುವ 64 ಕೆಬಿ ನಿಮಗೇ ಸಿಗುತ್ತದೆ. ಅಷ್ಟು ಜಾಗ ಸಿಕ್ಕರೆ ದೊಡ್ಡ ವಿಷಯವೇ ಅಲ್ವಾ! ದೊಡ್ಡ ಡ್ರೈವರ್‌ಗಳನ್ನು ಮೊದಲು ಲೋಡ್ ಮಾಡಿ ನೋಡಿ.

ನಾನಾದರೆ ಮೊದಲು ಮೆಮ್‌ಮೇಕರ್ ಓಡಿಸಿ, ಎಷ್ಟು ಮೆಮೊರಿ ಖಾಲಿ ಇದೆ ಎಂದು ಮೆಮ್ ಕಮಾಂಡ್ ಕೊಟ್ಟು ನೋಡುತ್ತೇನೆ. ಇನ್ನೂ ಸಾಲದಿದ್ದರೆ ಮಾತ್ರ ಫೈಲಿಗೆ ಕೈ ಹಾಕುತ್ತೇನೆ.