ಬೋರ್‌ವೆಲ್ ನೀರಿನ ನೈಟ್ರೇಟ್ ಅಳೆಯಲು ಯಾವ ಪೊರೆ?

ನಮ್ಮ ಚಿತ್ರದುರ್ಗ, ದಾವಣಗೆರೆ ಕಡೆ ನೀರಿನ ಪರೀಕ್ಷೆ ಎಂದರೆ ಮೊದಲು ಬರುವ ಮಾತು ಫ್ಲೋರೈಡ್. ಅದಕ್ಕೆ ಲ್ಯಾಂಥನಮ್ ಫ್ಲೋರೈಡ್ ಹರಳಿನ ಎಲೆಕ್ಟ್ರೋಡ್ ಇದೆ, ತಲೆಬಿಸಿ ಇಲ್ಲ. ನೈಟ್ರೇಟ್‌ಗೆ ಮಾತ್ರ ಎಲೆಕ್ಟ್ರೋಡಿನ ತುದಿಗೆ ಪಿವಿಸಿ ಪ್ಲಾಸ್ಟಿಕ್ಕಿನ ಪೊರೆ ಬೇಕು. ದಾವಣಗೆರೆಯ ನಮ್ಮ ಲ್ಯಾಬಿನಲ್ಲಿ ಅದನ್ನು ಎರಡು ಬಗೆಯಲ್ಲಿ ಮಾಡಿ ನೋಡಿದೆ.

ಒಂದು ಹಳೇ ಪಾಕ: ಮೂರನೇ ಒಂದು ಪಾಲು ಪಿವಿಸಿ, ಮಿಕ್ಕಿದ್ದು ಅದನ್ನು ಮೆದುಗೊಳಿಸುವ ನೈಟ್ರೋಫಿನೈಲ್ ಆಕ್ಟೈಲ್ ಈಥರ್, ಜೊತೆಗೆ ನೈಟ್ರೇಟ್ ಹಿಡಿಯಲು ಚೂರು ಟ್ರೈಡೋಡೆಸೈಲ್‌ಮೀಥೈಲ್ ಅಮೋನಿಯಂ ಲವಣ. ಇನ್ನೊಂದರಲ್ಲಿ ಈಥರ್, ಲವಣ ಎರಡರ ಕೆಲಸವನ್ನೂ ಒಂದೇ ಅಯಾನಿಕ್ ದ್ರವಕ್ಕೆ (ಕೋಣೆಯ ಶಾಖದಲ್ಲೇ ದ್ರವವಾಗಿರುವ ಲವಣ) ಒಪ್ಪಿಸಿದೆ: ಟ್ರೈಹೆಕ್ಸೈಲ್ ಟೆಟ್ರಾಡೆಸೈಲ್ ಫಾಸ್ಫೋನಿಯಂ ಕ್ಲೋರೈಡ್. ನೈಟ್ರೇಟ್ ದ್ರಾವಣದಲ್ಲಿ ನೆನೆಹಾಕಿದರೆ ಕ್ಲೋರೈಡ್ ಹೊರಬಿದ್ದು ನೈಟ್ರೇಟ್ ಒಳಗೆ ಕೂರುತ್ತದೆ. ಇನ್ನೊಂದು ಹೆಸರುವಾಸಿ ಅಯಾನಿಕ್ ದ್ರವ ಬ್ಯುಟೈಲ್‌ಮೀಥೈಲ್ ಇಮಿಡಜೋಲಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ಮುಟ್ಟಲೇ ಇಲ್ಲ, ನೀರಿನಲ್ಲಿ ಶೇ. 2ರ ಆಸುಪಾಸು ಕರಗುವಂಥದ್ದು ಪೊರೆಯಲ್ಲಿ ಎಷ್ಟು ದಿನ ನಿಂತೀತು?

ಟಿಎಚ್‌ಎಫ್ ಎಂಬ ಬೇಗ ಆರುವ ದ್ರಾವಕದಲ್ಲಿ ಕರಗಿಸಿ ಗಾಜಿನ ಉಂಗುರಕ್ಕೆ ಹೊಯ್ದು ರಾತ್ರಿ ಬಿಟ್ಟರೆ ಬೆಳಿಗ್ಗೆ ಎರಡೂ ತಿಳಿ ಹಾಳೆಗಳು. ಮಳೆಗಾಲದಲ್ಲಾದರೆ ತೇವ ಹಿಡಿದು ಮಬ್ಬಾಗುತ್ತವೆ. ಫಿಲ್ಟರ್ ಪೇಪರ್ ಒತ್ತಿದರೆ ಈಥರಿನದು ಗುರುತು ಬಿಡದು; ಅಯಾನಿಕ್ ದ್ರವದ್ದು ಅಂಟಂಟು, ಎಣ್ಣೆಯ ತೆಳು ವೃತ್ತ ಮೂಡುತ್ತದೆ.

ಸ್ಲೋಪ್‌ನಲ್ಲಿ, ಅಂದರೆ ನೈಟ್ರೇಟ್ ಹತ್ತು ಪಟ್ಟು ಬದಲಾದಾಗ ವೋಲ್ಟೇಜ್ ಎಷ್ಟು ಬದಲಾಗುತ್ತದೆ ಎಂಬುದರಲ್ಲಿ, ತಕರಾರಿಲ್ಲ. ಸಿದ್ಧಾಂತದ ಪ್ರಕಾರ 25 ಡಿಗ್ರಿಯಲ್ಲಿ ಹತ್ತು ಪಟ್ಟಿಗೆ 59.2 ಮಿಲಿವೋಲ್ಟ್, ನಮ್ಮ ಏಪ್ರಿಲ್‌ನ 35 ಡಿಗ್ರಿಗೆ 61. ಎರಡೂ ಅದರ ಹತ್ತಿರವೇ ನಿಂತವು. ಅಯಾನಿಕ್ ದ್ರವದ ಪೊರೆಯ ರೋಧ ಕಡಿಮೆ, ಹಾಗಾಗಿ ಪಕ್ಕದಲ್ಲಿ ಫ್ಯಾನ್ ತಿರುಗಿದರೂ ಮೀಟರ್ ಕುಣಿಯಲಿಲ್ಲ. ಇದೊಂದು ದೊಡ್ಡ ನೆಮ್ಮದಿ.

ಸೋತದ್ದು ಕ್ಲೋರೈಡ್ ಎದುರು. ಕುಡಿಯುವ ನೀರಿಗೆ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅಂದರೆ 0.73 ಮಿಲಿಮೋಲ್. ಕ್ಲೋರೈಡ್ 250 ಮಿಲಿಗ್ರಾಂ ಇದ್ದರೆ 7 ಮಿಲಿಮೋಲ್, ಸುಮಾರು ಹತ್ತು ಪಟ್ಟು! ಉಪ್ಪುನೀರಿನ ಬೋರ್‌ವೆಲ್‌ಗಳಲ್ಲಿ ಇದು ಹೊಸದೇನಲ್ಲ. ಉಪ್ಪು ಬೆರೆಸಿ ನೋಡಿದಾಗ ಅಯಾನಿಕ್ ದ್ರವದ ಪೊರೆ ನೈಟ್ರೇಟನ್ನು ಹೆಚ್ಚು ತೋರಿಸಿತು, ಈಥರಿನದು ಅಷ್ಟು ಅಲುಗಲಿಲ್ಲ. ಹಾಗಾಗಿ ಬೋರ್‌ವೆಲ್‌ಗೆ ನನ್ನ ಓಟು ಹಳೇ ಪಾಕಕ್ಕೇ.

ಅಯಾನಿಕ್ ದ್ರವಕ್ಕೆ ನಿಜವಾದ ಜಾಗ ರೆಫರೆನ್ಸ್ ಎಲೆಕ್ಟ್ರೋಡ್, ಅಂದರೆ ಹೋಲಿಕೆಗೆ ಜೊತೆಯಲ್ಲಿಡುವ, ವೋಲ್ಟೇಜ್ ಬದಲಾಗದ ಎಲೆಕ್ಟ್ರೋಡ್. ಮಾಮೂಲಿ ರೆಫರೆನ್ಸಿನಲ್ಲಿ ಬೀಕರಿನ ನೀರಿಗೆ ಕೊಂಡಿಯಾಗುವ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದ ಸೇತುವೆ ಸೋರಿ ನಾವು ದೂರವಿಡಬೇಕಾದ ಕ್ಲೋರೈಡನ್ನೇ ಬೀಕರಿಗೆ ಸೇರಿಸುತ್ತದೆ. ಅದರ ಬದಲು ಆಕ್ಟೈಲ್‌ಮೀಥೈಲ್ ಇಮಿಡಜೋಲಿಯಂನ ಬಿಸ್‌ಟ್ರೈಫ್ಲೋರೋಮೀಥೈಲ್‌ಸಲ್ಫೋನೈಲ್ ಇಮೈಡನ್ನು ಪಿವಿಸಿಯಲ್ಲಿ ಜೆಲ್ ಮಾಡಿ ಕೂರಿಸಿದರೆ ವೋಲ್ಟೇಜ್ ಸ್ಥಿರ. ಒಂದೇ ಎಚ್ಚರಿಕೆ: ಆ ಇಮೈಡ್ ಅಯಾನು ತುಸು ಸೋರಿದರೂ ನೈಟ್ರೇಟ್ ಪೊರೆ ಅದನ್ನು ನೈಟ್ರೇಟ್‌ಗಿಂತ ಆಸೆಯಿಂದ ಹಿಡಿದುಕೊಳ್ಳುತ್ತದೆ, ಆದ್ದರಿಂದ ಓದು ಬರೆದುಕೊಂಡ ಮೇಲೆ ಎರಡನ್ನೂ ಒಂದೇ ಬೀಕರಿನಲ್ಲಿ ನೆನೆಯಲು ಬಿಡಬೇಡಿ.