ನೀಟ್‌ಗೆ ದಿನ ಕಡಿಮೆ ಇರುವವರಿಗೆ ಎನ್‌ಸಿಇಆರ್‌ಟಿ ಜೀವಶಾಸ್ತ್ರ

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಮೇಲೆಯೇ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ಗೆ ಗಟ್ಟಿಯಾಗಿ ಕೂರುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಅವರ ತಂದೆತಾಯಿ ಗಾಬರಿಯಲ್ಲಿ ಮೊದಲು ಮಾಡುವ ಕೆಲಸ ದಪ್ಪ ಗೈಡ್ ಕೊಳ್ಳುವುದು. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನಾನು ಅದನ್ನು ಬೇಡವೆನ್ನುತ್ತೇನೆ. ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿಯ ಹನ್ನೊಂದು ಮತ್ತು ಹನ್ನೆರಡನೇ ತರಗತಿಯ ಎರಡು ಪುಸ್ತಕಗಳು ಸಾಕು. ಆದರೆ ಹೊಸ ಆವೃತ್ತಿಯೇ ಆಗಬೇಕು, ಜೊತೆಗೆ ಅದರಲ್ಲಿಲ್ಲದ ಎರಡು ಭಾಗಗಳನ್ನು ಬೇರೆ ಕಡೆಯಿಂದ ಓದಿಕೊಳ್ಳಬೇಕು.

ಹೊಸ ಆವೃತ್ತಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನ ತಮ್ಮನ ಮಗಳು ಈ ಸಲ ನನ್ನ ಬಳಿಗೆ ಓದಲು ಬಂದಾಗ ಅವಳ ಚೀಲದಲ್ಲಿದ್ದದ್ದು ಅಣ್ಣನ ಹಳೆಯ ಪುಸ್ತಕಗಳು. ಹಳೆಯದರಲ್ಲಿ ಎರಡೂ ವರ್ಷ ಸೇರಿ 38 ಅಧ್ಯಾಯಗಳು, ಹೊಸದರಲ್ಲಿ 32. ಸಸ್ಯಗಳಲ್ಲಿ ಸಾಗಾಣಿಕೆ, ಖನಿಜ ಪೋಷಣೆ, ಜೀರ್ಣಕ್ರಿಯೆ, ಜೀವಿಗಳಲ್ಲಿ ಸಂತಾನೋತ್ಪತ್ತಿ, ಆಹಾರ ಉತ್ಪಾದನೆಯ ಹೆಚ್ಚಳ, ಪರಿಸರ ಸಮಸ್ಯೆಗಳು, ಈ ಆರೂ ಹೋಗಿವೆ. 2024ರ ನೀಟ್‌ನಿಂದ ಪರೀಕ್ಷೆಯ ಪಠ್ಯಕ್ರಮವೂ ಇದಕ್ಕೆ ತಕ್ಕಂತೆ ಇಳಿದಿದೆ. ಸಮಯವೇ ಇಲ್ಲದ ಹುಡುಗಿ ಈಗ ಪರೀಕ್ಷೆಯಲ್ಲಿಲ್ಲದ ಕ್ಸೈಲಮ್, ಫ್ಲೋಯಮ್ (ಸಸ್ಯದಲ್ಲಿ ನೀರು, ಆಹಾರ ಒಯ್ಯುವ ಅಂಗಾಂಶಗಳು) ಸಾಗಾಣಿಕೆಗೆ ಎರಡು ದಿನ ಕೊಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಅಧ್ಯಾಯ ಸಂಖ್ಯೆಗಳೂ ಬದಲಾಗಿವೆ: ದ್ಯುತಿಸಂಶ್ಲೇಷಣೆ ಮೊದಲು ಹದಿಮೂರನೆಯದು, ಈಗ ಹನ್ನೊಂದನೆಯದು. ಹಳೆಯ ಪ್ರಶ್ನೆಸಂಗ್ರಹ ಇಟ್ಟುಕೊಂಡವರು ಇದನ್ನು ಗಮನಿಸಬೇಕು.

ಕೊಳ್ಳುವಾಗ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಅಸಲಿ ಪ್ರತಿಯ ಕಾಗದದಲ್ಲಿ ಎನ್‌ಸಿಇಆರ್‌ಟಿ ಎಂಬ ಜಲಮುದ್ರೆ ಕಾಣುತ್ತದೆ. ನನ್ನ ತಮ್ಮ ಮೊದಲು ತಂದುಕೊಟ್ಟದ್ದು ನಕಲಿ ಪ್ರತಿ. ಮೂತ್ರಪಿಂಡದ ಸೋಸುವ ಘಟಕವಾದ ನೆಫ್ರಾನ್‌ನ ಚಿತ್ರದಲ್ಲಿ ಹೆನ್ಲೆಯ ಕುಣಿಕೆಯ ಇಳಿಯುವ ಬಾಹು ಯಾವುದು, ಏರುವ ಬಾಹು ಯಾವುದು ಎಂಬ ಹೆಸರುಗಳು ಮಸಿಯಲ್ಲಿ ಕಲಸಿಹೋಗಿದ್ದವು. ನೀಟ್ ಚಿತ್ರಗಳ ಮೇಲೆಯೇ ಪ್ರಶ್ನೆ ಕೇಳುತ್ತದೆ. ಕೆಲವು ರೂಪಾಯಿ ಉಳಿಸಲು ಹೋಗಿ ಮಗುವಿನ ಕೈಗೆ ಇಂಥದ್ದನ್ನು ಕೊಡುವುದು ಅನ್ಯಾಯ. ಪುಸ್ತಕ ಸಿಗದಿದ್ದರೆ ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ಇಡೀ ಪುಸ್ತಕ ಉಚಿತವಾಗಿ ಇದೆ, ಅಧ್ಯಾಯವಾರು ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು.

ಇನ್ನು ಪುಸ್ತಕದ ಗುಣ. ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದು, 180 ಪ್ರಶ್ನೆಗಳಲ್ಲಿ 90. ಆ ತೊಂಬತ್ತರಲ್ಲಿ ಎಷ್ಟೋ ಪ್ರಶ್ನೆಗಳು ಈ ಪುಸ್ತಕದ ಸಾಲುಗಳನ್ನೇ ಕೊಂಚ ತಿರುಗಿಸಿ ಮಾಡಿದವು. ರಕ್ತಪರಿಚಲನೆಯ ಅಧ್ಯಾಯವನ್ನೇ ತೆಗೆದುಕೊಳ್ಳಿ. ಹೃದಯ ನಿಮಿಷಕ್ಕೆ 72 ಬಾರಿ ಬಡಿಯುತ್ತದೆ, ಒಂದು ಬಡಿತದ ಚಕ್ರಕ್ಕೆ 0.8 ಸೆಕೆಂಡ್, ಪ್ರತಿ ಬಡಿತಕ್ಕೆ ಒಂದು ಹೃತ್ಕುಕ್ಷಿಯಿಂದ (ಹೃದಯದ ಕೆಳಕೋಣೆ) ಸುಮಾರು 70 ಮಿಲಿಲೀಟರ್, ಅಂದರೆ ನಿಮಿಷಕ್ಕೆ ಸುಮಾರು 5 ಲೀಟರ್. ಮುಂದಿನ ವಿಸರ್ಜನೆಯ ಅಧ್ಯಾಯದಲ್ಲಿ ಮೂತ್ರಪಿಂಡಗಳಿಗೆ ನಿಮಿಷಕ್ಕೆ 1100ರಿಂದ 1200 ಮಿಲಿಲೀಟರ್ ರಕ್ತ ಹೋಗುತ್ತದೆ, ಅದು ಹೃದಯ ಹೊರದೂಡುವುದರ ಐದನೇ ಒಂದು ಪಾಲು ಎಂದಿದೆ. ಸೋಸಿ ಬರುವುದು ನಿಮಿಷಕ್ಕೆ 125 ಮಿಲಿಲೀಟರ್, ದಿನಕ್ಕೆ 180 ಲೀಟರ್. ಎರಡೂ ಅಧ್ಯಾಯಗಳನ್ನು ತಮ್ಮನ ಮಗಳಿಂದ ಒಂದೇ ಸಂಜೆ ಓದಿಸಿದೆ. "ಅತ್ತೆ, ಇದು ಅಲ್ಲಿಯ ಐದು ಲೀಟರಿನದ್ದೇ ಲೆಕ್ಕ ಅಲ್ಲವೇ?" ಎಂದು ಅವಳೇ ಹಿಡಿದಳು. ಆಮೇಲೆ ಆ ಅಂಕಿಗಳನ್ನು ಉರು ಹೊಡೆಯಬೇಕಾಗಲಿಲ್ಲ. ಗೈಡ್‌ಗಳು ಇದನ್ನೇ ಕತ್ತರಿಸಿ ಪಟ್ಟಿ ಮಾಡುತ್ತವೆ, ಆಗ ಈ ಕೊಂಡಿ ಕಾಣುವುದಿಲ್ಲ.

ಕೊರತೆ ಇಲ್ಲವೆನ್ನಲಾರೆ. ಪ್ರಾಣಿ ಅಂಗಾಂಶಗಳು ನೀಟ್ ಪಠ್ಯಕ್ರಮದಲ್ಲಿವೆ, ಹೊಸ ಪುಸ್ತಕದಲ್ಲಿಲ್ಲ. ಹೂಬಿಡುವ ಸಸ್ಯಗಳ ಕುಟುಂಬಗಳಲ್ಲಿ ಪುಸ್ತಕ ಸೊಲನೇಸಿಯನ್ನು ಮಾತ್ರ ವಿವರಿಸುತ್ತದೆ, ಪಠ್ಯಕ್ರಮ ಮಾಲ್ವೇಸಿ, ಕ್ರೂಸಿಫೆರೆ ಮುಂತಾದವನ್ನೂ ಕೇಳುತ್ತದೆ. ಪುಸ್ತಕ ಮಾಡುವವರೂ ಪಠ್ಯಕ್ರಮ ಮಾಡುವವರೂ ಒಂದಕ್ಕೊಂದು ಹೊಂದಿಸದೆ ಇದನ್ನು ಮಕ್ಕಳ ತಲೆಗೆ ಬಿಟ್ಟಿರುವುದು ನನಗೆ ಕೋಪ ತರಿಸುತ್ತದೆ. ಅಂಗಾಂಶಗಳಿಗೆ ಆ ಹಳೆಯ ಪುಸ್ತಕದ ಏಳನೇ ಅಧ್ಯಾಯವೇ ಒದಗಿತು. ಕುಟುಂಬಗಳಿಗೆ ನಾನೇ ಹೂವು ತಂದು ಬಿಡಿಸಿ ತೋರಿಸಿದೆ. ದಾಸವಾಳದಲ್ಲಿ ಕೇಸರಗಳೆಲ್ಲ ಕೂಡಿ ಕೊಳವೆಯಾಗಿರುವುದನ್ನು ಒಮ್ಮೆ ಕಣ್ಣಾರೆ ಕಂಡವರು ಮಾಲ್ವೇಸಿಯನ್ನು ಮರೆಯುವುದಿಲ್ಲ.

ನಮ್ಮ ರಾಜ್ಯದ ಮಕ್ಕಳು ಮೊದಲು ತೆರೆಯಬೇಕಾದದ್ದು ಹನ್ನೊಂದನೆಯ ತರಗತಿಯ ಪುಸ್ತಕ. ದ್ವಿತೀಯ ಪಿಯುಸಿಯ ಪರೀಕ್ಷೆಗೆ ಎರಡನೇ ವರ್ಷದ ಪಾಠ ಓದಿ ಮುಗಿಸಿರುತ್ತಾರೆ, ಅದು ಇನ್ನೂ ನೆನಪಿನಲ್ಲಿರುತ್ತದೆ. ಮೊದಲ ವರ್ಷದ್ದು ಮರೆತು ಒಂದು ವರ್ಷವಾಗಿರುತ್ತದೆ. ಮಾನವ ಶರೀರಕ್ರಿಯೆಯ ಅಧ್ಯಾಯಗಳಿಂದ ಶುರು ಮಾಡಿದರೆ ನಡುವೆ ಬರುವ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಗೂ ಅನುಕೂಲ. ಭೌತಶಾಸ್ತ್ರಕ್ಕೆ ಮಾತ್ರ ಪಠ್ಯಪುಸ್ತಕ ಓದಿದರೆ ಸಾಲದು, ದಿನವೂ ಲೆಕ್ಕ ಮಾಡಲೇಬೇಕು.

ಗೈಡ್‌ಗೆ ಎತ್ತಿಟ್ಟ ಹಣದಲ್ಲಿ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಮತ್ತು ಉತ್ತರ ಗುರುತಿಸುವ ಒಎಂಆರ್ ಹಾಳೆಗಳ ಜೆರಾಕ್ಸ್ ಮಾಡಿಸಿ. ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ, ಪರೀಕ್ಷೆಯ ಹೊತ್ತಿಗೇ ಕೂರಿಸಿ. 2021ರಿಂದ 2024ರವರೆಗಿನ ಪತ್ರಿಕೆಗಳಲ್ಲಿ 200 ಪ್ರಶ್ನೆ, ಅದರಲ್ಲಿ 180ಕ್ಕೆ ಉತ್ತರ; ಸಮಯ 2021ರಲ್ಲಿ 180 ನಿಮಿಷ, 2022ರಿಂದ 2024ರವರೆಗೆ 200 ನಿಮಿಷ ಇತ್ತು. 2025ರಲ್ಲಿ ಆಯ್ಕೆ ಹೋಗಿ 180 ನಿಮಿಷಕ್ಕೆ 180 ಪ್ರಶ್ನೆಯಾಯಿತು. ಹಾಗಾಗಿ ಹಳೆಯ ಪತ್ರಿಕೆ ಕೊಡುವಾಗ ಭೌತ, ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಪ್ರತಿಯೊಂದರಿಂದ ಐದು ಪ್ರಶ್ನೆ ಹೊಡೆದುಹಾಕಿ, ಗಡಿಯಾರವನ್ನು ಮೂರು ಗಂಟೆಗೇ ನಿಲ್ಲಿಸಿ.