ಐಎ ಪೇಪರ್ ತಿದ್ದಲು ಆಟೋ ಮಲ್ಟಿಪಲ್ ಚಾಯ್ಸ್: ಇತಿಹಾಸ ಮಾಸ್ತರನ ರಿವ್ಯೂ

ಕಾಲೇಜಿಗೆ ಉಚಿತ ತಂತ್ರಾಂಶ ಅಂದ್ರೆ ಎಲ್ಲರ ಬಾಯಲ್ಲೂ ಮೊದಲು ಬರೋದು ಮೂಡಲ್, ಆನ್‌ಲೈನ್ ಪಾಠ-ಪರೀಕ್ಷೆ ನಡೆಸೋ ತಂತ್ರಾಂಶ. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ 2002ರಲ್ಲಿ ಅದರ ಮೊದಲ ಆವೃತ್ತಿ ಹೊರತಂದರು. ನೋಟ್ಸ್ ಹಾಕೋಕೆ, ಅಸೈನ್‌ಮೆಂಟ್ ತಗೊಳೋಕೆ ನಾನೂ ಅದನ್ನೇ ಬಳಸ್ತೀನಿ, ತಕರಾರಿಲ್ಲ. ಆದರೆ ಐಎ (ಆಂತರಿಕ ಮೌಲ್ಯಮಾಪನ) ಟೆಸ್ಟನ್ನೂ ಆನ್‌ಲೈನ್ ಮಾಡ್ರಿ ಅಂದ್ರೆ ಆಗೋ ಮಾತಲ್ಲ. ಕಲಬುರಗಿ ಬ್ಯಾಸಗಿ, ಮಧ್ಯಾಹ್ನ ಕರೆಂಟ್ ಹೋಗುತ್ತೆ, ನಮ್ಮ ಲ್ಯಾಬಿನ ಯುಪಿಎಸ್ ಅಲಂಕಾರಕ್ಕಿದೆ. ಬಿಎ ಮೊದಲ ವರ್ಷದ ಇಡೀ ಕ್ಲಾಸು ಆ ಲ್ಯಾಬಿನಲ್ಲಿ ಹಿಡಿಸೋದೂ ಇಲ್ಲ.

ಹಾಗಾಗಿ ನನ್ನ ಓಟು ಆಟೋ ಮಲ್ಟಿಪಲ್ ಚಾಯ್ಸ್‌ಗೆ, ಚಿಕ್ಕದಾಗಿ ಎಎಂಸಿಗೆ. ಫ್ರಾನ್ಸಿನ ಅಲೆಕ್ಸಿ ಬಿಯಾನ್‌ವೆನ್ಯೂ ಬರೆದದ್ದು, ಜಿಪಿಎಲ್ ಲೈಸೆನ್ಸ್ (ಯಾರು ಬೇಕಾದರೂ ಬಳಸಬಹುದು, ಹಂಚಬಹುದು), ಲಿನಕ್ಸ್ ಮೇಲೆ ನಡೆಯುತ್ತೆ. ಪರೀಕ್ಷೆ ಕಾಗದದ ಮೇಲೆ, ಬರೆದ ಹಾಳೆ ಸ್ಕ್ಯಾನ್ ಮಾಡಿ ಕೊಟ್ಟರೆ ತಿದ್ದೋದು ಕಂಪ್ಯೂಟರ್. ಕರೆಂಟ್ ಯಾವಾಗ ಬರುತ್ತೋ ಆವಾಗ ತಿದ್ದಿದರಾಯ್ತು.

ಪ್ರಶ್ನೆ ಬರೆಯೋದು ಸಾದಾ ಟೆಕ್ಸ್ಟ್ ಫೈಲಿನಲ್ಲಿ:

* ಬಹಮನಿ ರಾಜ್ಯ ಸ್ಥಾಪನೆಯಾದ ವರ್ಷ?
- 1336
+ 1347
- 1565

ನಕ್ಷತ್ರ ಅಂದ್ರೆ ಪ್ರಶ್ನೆ, ಪ್ಲಸ್ ಸರಿಯುತ್ತರ. ಇಷ್ಟು ಕೊಟ್ಟರೆ ಪ್ರತಿ ವಿದ್ಯಾರ್ಥಿಗೂ ಪ್ರಶ್ನೆ, ಆಯ್ಕೆ ಎರಡೂ ಅದಲುಬದಲಾದ ಬೇರೆ ಬೇರೆ ಪೇಪರ್ ತಯಾರು. ಹಿಂದಿನ ಬೆಂಚಿನ ಪಿಸುಮಾತು ಅರ್ಧ ಅಲ್ಲೇ ನಿಂತಿತು. ಒಂದು ಎಚ್ಚರ: 'ಮೇಲಿನ ಎಲ್ಲವೂ' ಅನ್ನೋ ಆಯ್ಕೆ ಬರೆಯೋ ಚಟ ಇದ್ದವರು ಆ ಪ್ರಶ್ನೆಯ ಆಯ್ಕೆಗಳನ್ನ ಅದಲುಬದಲು ಮಾಡಬೇಡ ಅಂತ ಸೂಚನೆ ಕೊಡಬೇಕು. ಇಲ್ಲದಿದ್ರೆ 'ಮೇಲಿನ ಎಲ್ಲವೂ' ಎಲ್ಲಕ್ಕಿಂತ ಮೇಲೆ ಬಂದು ಕೂರುತ್ತೆ.

ಕನ್ನಡ ಮೂಡುತ್ತಾ? ಮೂಡುತ್ತೆ, ಸ್ವಲ್ಪ ಕಾಡಿಸಿ. ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಪುಟ ಜೋಡಿಸೋ ಎಂಜಿನ್ನನ್ನ ಝೀಲೇಟೆಕ್‌ಗೆ ಬದಲಿಸಿ, ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಹೆಸರು ಕೊಡಬೇಕು. ಆಮೇಲೆ 'ರಾಷ್ಟ್ರಕೂಟ'ದ ಒತ್ತಕ್ಷರ ಕೂಡ ಎಲ್ಲಿರಬೇಕೋ ಅಲ್ಲೇ ಕೂತಿರುತ್ತೆ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ತೋರಿಸೋ ಹಳೆ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಗಳು ಇದ್ದಂಗೇ ನಡೆಯಲ್ಲ, ಯೂನಿಕೋಡ್‌ಗೆ ತಿರುಗಿಸಲೇಬೇಕು. ನನ್ನ ವೇಳೆ ಹೆಚ್ಚು ತಿಂದದ್ದು ಇದೇ ಕೆಲಸ.

ಪೇಪರಿನ ನಾಲ್ಕು ಮೂಲೆಗೆ ನಾಲ್ಕು ಕಪ್ಪು ಬೊಟ್ಟು, ತಲೆಯ ಮೇಲೆ ಸಣ್ಣ ಚೌಕಗಳ ಸಾಲು ಇರುತ್ತೆ. ಬೊಟ್ಟು ನೋಡಿ ಹಾಳೆ ಎಷ್ಟು ವಾರೆಯಾಗಿದೆ ಅಂತ ತಿಳ್ಕೊಳ್ಳುತ್ತೆ, ಚೌಕ ನೋಡಿ ಇದು ಯಾವ ಪ್ರತಿ ಅಂತ. ಸೂಪರ್ ಮಾರ್ಕೆಟ್ ಕಡೆಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದಾಗ ಅಂಚು ಕತ್ತರಿಸಿ ಕೆಲವು ಹಾಳೆಯ ಕೆಳಗಿನ ಬೊಟ್ಟೇ ಮಾಯ. ಅಂಥವನ್ನ ಸ್ಕ್ರೀನಿನಲ್ಲಿ ಕೈಯಿಂದಲೇ ಗುರುತು ಹಾಕಬಹುದು, ಅದಕ್ಕೂ ದಾರಿ ಇದೆ. ಈಗ ಮೊದಲ ಹಾಳೆ ನೋಡದೆ ಮುಂದಿಂದು ಹೊಡಿ ಅನ್ನಲ್ಲ.

ನಮ್ಮ ಹುಡುಗರಿಗೆ ಸಿಇಟಿ ದೆಸೆಯಿಂದ ಉತ್ತರದ ವೃತ್ತ ತುಂಬಿಸಿ ಅಭ್ಯಾಸ, ಇಲ್ಲಿ ಉತ್ತರದ ಚೌಕ ತುಂಬಿಸೋದನ್ನ ಹೇಳಿಕೊಡಬೇಕಾಗಲಿಲ್ಲ. ತೆಳುವಾಗಿ ತುಂಬಿದವರಿಗಾಗಿ ಎಷ್ಟು ಕಪ್ಪಾದರೆ ಉತ್ತರ ಅನ್ನೋ ಮಿತಿಯನ್ನ ನಾವೇ ಏರಿಳಿಸಬಹುದು. 'ಸರ್, ನಾ ಬರೋಬರಿ ತುಂಬೀನ್ರಿ' ಅಂತ ಯಾರಾದರೂ ಬಂದರೆ ಅವರದೇ ಹಾಳೆಯ ಚಿತ್ರ ತೋರಿಸ್ತೀನಿ, ಮಾತು ಮುಗೀತು.

ಮಾರ್ಕ್ಸು ಲಿಬ್ರೆ ಆಫೀಸ್ ಶೀಟಿಗೆ ಬರುತ್ತೆ, ಪ್ರಶ್ನೆಗೊಂದು ಕಾಲಂ. ನ್ಯಾಕ್ (ಕಾಲೇಜಿನ ಗುಣಮಟ್ಟ ಅಳೆಯೋ ಸಂಸ್ಥೆ) ಹೆಸರಿನಲ್ಲಿ ಯಾವ ಪಾಠ ಎಷ್ಟು ತಲೆಗೆ ಹತ್ತಿತು ಅನ್ನೋ ಕೋರ್ಸ್ ಔಟ್‌ಕಮ್ ಲೆಕ್ಕ ತುಂಬಿಸಿ ತುಂಬಿಸಿ ಬೇಸತ್ತವರಿಗೆ ಇದರ ಬೆಲೆ ಗೊತ್ತಾಗುತ್ತೆ. ಆದರೆ ಯಾವ ಪ್ರಶ್ನೆ ಜಾಣರನ್ನೂ ಉಳಿದವರನ್ನೂ ಬೇರ್ಪಡಿಸಿತು ಅನ್ನೋ ವಿಶ್ಲೇಷಣೆಗೆ ಮೂಡಲ್‌ನ ಕ್ವಿಜ್ ವರದಿಯೇ ವಾಸಿ.

ಐದು ಅಂಕದ ಬರೆಯೋ ಪ್ರಶ್ನೆಯನ್ನೂ ಸೇರಿಸಬಹುದು, ಪಕ್ಕದಲ್ಲಿ ಮಾಸ್ತರಿಗೆ ಅಂತ ಅಂಕದ ಚೌಕಗಳು ಇರುತ್ತವೆ. ಓದೋ ಕಷ್ಟ ಮಾತ್ರ ನಮ್ಮದೇ.

ಉಬುಂಟು ಇದ್ದರೆ ಅದರ ಸಾಫ್ಟ್‌ವೇರ್ ಭಂಡಾರದಲ್ಲೇ ಸಿಗುತ್ತೆ. ಜೊತೆಗೆ ಪುಟ ಜೋಡಿಸೋ ತಂತ್ರಾಂಶಗಳ ಕಂತೆ ಟೆಕ್‌ಲೈವ್ ಬರೋದರಿಂದ ಡೌನ್‌ಲೋಡ್ ದೊಡ್ಡದು, ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಶುರು ಮಾಡಬೇಡ್ರಿ.